ಸೊಸೆಗೆ ತಿಳಿಯುವ ಮಾತು

ಆಸ್ಪತ್ರೆಯಲ್ಲಿ ಮೂಗಿನ ನಳಿಗೆ ತೆಗೆಸಿಕೊಂಡು ಅಮೃತಪ್ಪ ಮನೆಗೆ ಬಂದ ಮರುದಿನ ಬೆಳಿಗ್ಗೆ ಸುಶೀಲಾಬಾಯಿ ಜೋಳದ ನುಚ್ಚು ಕುದಿಸಿ, ಮಜ್ಜಿಗೆ ಕಲಸಿ, ಗಂಡನ ಮುಂದೆ ತಂದಿಟ್ಟಳು. ಅವನು ಚಮಚ ಎತ್ತಿದವನು ಹಾಗೇ ನಿಲ್ಲಿಸಿ ಏನೋ ಅಂದ. ಬಾಯಿಂದ ಬಂದದ್ದು ಬರೀ ಸ್ವರ, ಅಕ್ಷರಗಳೆಲ್ಲ ಒಳಗೇ ಉಳಿದಿದ್ದವು. ಸುಶೀಲಾಬಾಯಿ ಉಪ್ಪು ತಂದಳು. ಅವನು ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಅಂದ. ಅವಳು ಸಕ್ಕರೆ ತಂದಳು, ಆಮೇಲೆ ನೀರು, ಆಮೇಲೆ ಕೊರಳಿಗೆ ಹಾಕಿಕೊಳ್ಳಲು ಟವೆಲ್ಲು. ಮಗ ಸ್ವಪ್ನಿಲ್ ಆಫೀಸಿನ ಬ್ಯಾಗಿಗೆ ಡಬ್ಬಿ ತುರುಕುತ್ತ, ಪಾಟಿಯ ಮೇಲೆ ಬರೆದು ತೋರಿಸು ಅಂತ ಅಪ್ಪನಿಗೆ ಹಿಂದಿಯಲ್ಲಿ ಹೇಳಿದ. ಅಮೃತಪ್ಪ ಅವನ ಕಡೆ ನೋಡಲೂ ಇಲ್ಲ.

ಸೊಸೆ ಸೋನಾಲಿ ಜಡೆ ಹಾಕಿಕೊಳ್ಳುತ್ತ ಕೋಣೆಯಿಂದ ಹೊರಗೆ ಬಂದವಳು ಮಾವನ ಎದುರು ನಿಂತು ಕೇಳಿಸಿಕೊಂಡು ಅತ್ತೆಗೆ ಹೇಳಿದಳು.

“ಆಯಿ, ನಿಮ್ಮದು ನಾಷ್ಟಾ ಆತೇನು ಅಂತ ಕೇಳಲಿಕತ್ತಾರ ಬಾಬಾ.”

ಅಮೃತಪ್ಪ ಜೋರಾಗಿ ತಲೆಯಾಡಿಸಿ ಬಟ್ಟಲಿನ ಅಂಚು ತಟ್ಟಿದ. ಸುಶೀಲಾಬಾಯಿ ಇನ್ನೂ ಚಹಾ ಕೂಡ ಕುಡಿದಿರಲಿಲ್ಲ. “ಆತು” ಅಂದು ಒಳಗೆ ಹೋದಳು.

ಅಮೃತಪ್ಪ ವಾಶಿಯ ಮಸಾಲೆ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರಿ. ವಿಜಯಪುರದ ಕಡೆಯಿಂದ ಹರೆಯದಲ್ಲಿ ಬಂದು, ಹಮಾಲರ ನಡುವೆ ಚೀಲ ಲೆಕ್ಕ ಹಾಕುವ ಕೆಲಸದಿಂದ ಸುರು ಮಾಡಿ, ಸ್ವಂತ ಅಂಗಡಿ ಹಿಡಿದವನು. ಅವನ ಬಂಡವಾಳವೆಂದರೆ ಗಂಟಲು. ಗುಜರಾತಿಯವನೊಂದಿಗೆ ಗುಜರಾತಿ, ಪುಣೆಯವನೊಂದಿಗೆ ಮರಾಠಿ, ಊರಿನ ರೈತನೊಂದಿಗೆ ಅಪ್ಪಟ ಊರ ಮಾತು. ಕೋಪರಖೈರಣೆಯ ಮನೆಯ ಗ್ಯಾಲರಿಯಲ್ಲಿ ನಿಂತು ಅವನು ಫೋನಿನಲ್ಲಿ ಮಾತಾಡಿದರೆ ಕೆಳಗಿನ ರಿಕ್ಷಾದವರಿಗೆಲ್ಲ ಬ್ಯಾಡಗಿಯ ದರ ಗೊತ್ತಾಗುತ್ತಿತ್ತು. ಎಡಗಲ್ಲದಲ್ಲಿ ಸದಾ ತಂಬಾಕು. ಆ ಗಲ್ಲದ ಒಳಗೇ ಹುಣ್ಣೆದ್ದು, ನಾಲಿಗೆಯ ಅಂಚಿಗೂ ಹರಿಯಿತು. ಖಾರಘರದ ಆಸ್ಪತ್ರೆಯಲ್ಲಿ ಗಲ್ಲದ ಒಳಭಾಗವನ್ನೂ ನಾಲಿಗೆಯ ಎಡಭಾಗವನ್ನೂ ಕತ್ತರಿಸಿ ತೆಗೆದರು. ಖಾಲಿಯಾದ ಜಾಗಕ್ಕೆ ತೊಡೆಯ ಚರ್ಮ, ಮಾಂಸವನ್ನು ರಕ್ತನಾಳ ಸಮೇತ ತಂದು, ಕುತ್ತಿಗೆಯ ನಾಳಕ್ಕೆ ಹೊಲಿದು ಕೂಡಿಸಿದರು. ಅದಕ್ಕೆ ಡಾಕ್ಟರರು ಫ್ಲ್ಯಾಪ್ ಅನ್ನುತ್ತಿದ್ದರು. ಫ್ಲ್ಯಾಪ್ ಜೀವ ಹಿಡಿಯಿತು. ಕ್ಯಾನ್ಸರು ಕುತ್ತಿಗೆಯ ಗಂಟುಗಳಿಗೆ ಹಬ್ಬಿರಲಿಲ್ಲ, ರೇಡಿಯೇಶನ್ನಿನ ಕರೆಂಟು ಕೊಡುವ ಅಗತ್ಯವೂ ಬೀಳಲಿಲ್ಲ. ನೋಡಲು ಬಂದವರೆಲ್ಲ ಪುಣ್ಯವಂತ ಅಂದರು. ಆದರೆ ಬಾಯೊಳಗೆ ಕೂತ ತೊಡೆಯ ತುಂಡು ದಪ್ಪಗಿತ್ತು. ಅದಕ್ಕೆ ಬಿಸಿ ತಂಪು ತಿಳಿಯುತ್ತಿರಲಿಲ್ಲ. ಉಳಿದ ನಾಲಿಗೆಗೆ ಹೊರಳಲು ಜಾಗವಿರಲಿಲ್ಲ. ಮಾತು ಕಲಿಸುವ ಹುಡುಗಿ ಆಸ್ಪತ್ರೆಯಲ್ಲಿ ಒತ್ತಿ ಒತ್ತಿ ಹೇಳಿ ಕಳಿಸಿದ್ದಳು: ಬರೆದು ತೋರಿಸಬೇಡಿ, ಆಡಿ, ಆಡಿದಷ್ಟೂ ಸುಧಾರಿಸುತ್ತದೆ. ಅಮೃತಪ್ಪ ಮನೆಗೆ ಬಂದವನೇ ಪಾಟಿಯನ್ನು ಕಪಾಟಿನ ಮೇಲೆ ಎಸೆದಿದ್ದ.

ಸೋನಾಲಿ ಬದಲಾಪುರದ ಮರಾಠಿ ಹುಡುಗಿ. ಮದುವೆಯಾಗಿ ಬಂದಾಗ ಅವಳಿಗೆ ಬರುತ್ತಿದ್ದ ಕನ್ನಡವೆಂದರೆ ‘ಬರ್ರಿ’, ‘ಕೂಡ್ರಿ’ ಅಷ್ಟೇ. ಆಮೇಲೆ ಕೇಳಿ ಕೇಳಿ ಮುರುಕು ಕನ್ನಡ ಕಲಿತಿದ್ದಳು. ಪಕ್ಕದ ಸೆಕ್ಟರಿನ ಪ್ಲೇಗ್ರೂಪಿನಲ್ಲಿ ಅವಳು ಟೀಚರು. ಇಡೀ ಬೆಳಗು ಅರ್ಧರ್ಧ ಮಾತಾಡುವ ಮಕ್ಕಳ ನಡುವೆ ಕಳೆದು ಬರುವವಳಿಗೆ ಮಾವನ ಮಾತು ದೊಡ್ಡ ಕಷ್ಟವೆನಿಸಲಿಲ್ಲ. ಅವಳು ಎದುರಿಗೆ ಕುರ್ಚಿ ಎಳೆದು ಕೂರುತ್ತಿದ್ದಳು. ತುಟಿ ನೋಡುತ್ತಿದ್ದಳು. ತಿಳಿಯದಿದ್ದರೆ ಇನ್ನೊಮ್ಮೆ ಅನ್ನಿರಿ ಅನ್ನುತ್ತಿದ್ದಳು. ತಪ್ಪು ಊಹೆ ಮಾಡಿದಾಗ ಇಬ್ಬರೂ ನಗುತ್ತಿದ್ದರು. ಗಲ್ಲದಲ್ಲಿ ಅಗುಳು ಸಿಕ್ಕಿಕೊಂಡು ಅವನಿಗೆ ಗೊತ್ತಾಗದಿದ್ದರೆ ತನ್ನ ಗಲ್ಲ ಮುಟ್ಟಿ ತೋರಿಸುತ್ತಿದ್ದಳು. ಅವನು ಬೆರಳು ಹಾಕಿ ತೆಗೆದುಕೊಳ್ಳುತ್ತಿದ್ದ.

ಸುಶೀಲಾಬಾಯಿ ತಾಟು ಇಡುತ್ತಿದ್ದಳು, ತಾಟು ತೆಗೆಯುತ್ತಿದ್ದಳು, ನೆಲ ಒರೆಸುತ್ತಿದ್ದಳು. ಗಂಡನ ತುಟಿಯ ಎಡ ಮೂಲೆಯಿಂದ ಜೊಲ್ಲು ಇಳಿದಾಗ ಗೋಡೆಯ ಕಡೆ ನೋಡುತ್ತಿದ್ದಳು.

ಕೆಲವೇ ದಿನಗಳಲ್ಲಿ ಅಮೃತಪ್ಪ ಸೊಸೆಯ ದಾರಿ ಕಾಯತೊಡಗಿದ. ಮಧ್ಯಾಹ್ನ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸಪ್ಪಳವಾದರೆ ಸಾಕು, ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದ. ಬೆಳಗಿನಿಂದ ಕೂಡಿಟ್ಟ ಮಾತನ್ನೆಲ್ಲ ಆಗ ಆಡುತ್ತಿದ್ದ. ಅವಳನ್ನು ಅವನು ಕರೆಯುವುದು ‘ಯವ್ವಾ’ ಅಂತ. ಅದೊಂದು ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು. ಹೆಂಡತಿ ಬೇಕಾದರೆ ಮೇಜು ಕುಟ್ಟುತ್ತಿದ್ದ. ಇಡೀ ದಿನ ಮನೆಯಲ್ಲಿ ಯವ್ವಾ, ಯವ್ವಾ. ನಡುವೆ ಟಕಟಕ.

ಸುಶೀಲಾಬಾಯಿ ಜಗಳ ತೆಗೆಯಲಿಲ್ಲ, ಸೊಸೆಯ ಕೆಲಸಕ್ಕೆ ಅಡ್ಡ ಬರತೊಡಗಿದಳು. ಮಾವ ಸೊಸೆ ಮಾತಿಗೆ ಕೂತರೆ ಪ್ರೆಶರ್ ಕುಕ್ಕರು ತಿಕ್ಕುವ ಸಪ್ಪಳ ಏಳುತ್ತಿತ್ತು. ಸೋನಾಲಿ ಹೆಸರುಬೇಳೆ ಖಿಚಡಿ ಮಾಡಿ ರುಬ್ಬಲು ಹೋದರೆ ಮಿಕ್ಸರಿನ ಸಣ್ಣ ಜಾರು ಸಿಗುತ್ತಿರಲಿಲ್ಲ, ಗೋಡೆಯ ಮೇಲಿನ ಫಳಿಯಲ್ಲಿ ಡಬ್ಬಿಗಳ ಹಿಂದೆ ಎಲ್ಲೋ ಇರುತ್ತಿತ್ತು. ಒಂದು ಸಂಜೆ ಸುಶೀಲಾಬಾಯಿ ಮಗನನ್ನು ಅಡಿಗೆಮನೆಗೆ ಕರೆದು, ನಿನ್ನ ಹೆಂಡತಿ ದಿನವೂ ಮಾವನ ಮುಂದೆ ಕೂತು ಬಾಯಿ ನೋಡುತ್ತಾಳೆ, ಕಿಟಕಿಯಿಂದ ಮಂದಿ ಏನು ತಿಳಿದಾರು ಅಂತ ಕೇಳಿದಳು. ಸ್ವಪ್ನಿಲ್ ಫೋನಿನಿಂದ ತಲೆ ಎತ್ತಿದ.

“ತೋ ತೂ ಭೀ ದೇಖ್ ನಾ, ಅವ್ವ.” ಹಾಗಾದರೆ ನೀನೂ ನೋಡು ಅಂತ.

ಅವಳು ಅವನ ತಾಟಿಗೆ ಪಲ್ಯ ಬಡಿಸದೆ ಬರೀ ಚಪಾತಿ ಹಾಕಿಟ್ಟಳು.

ಮೇಲಿನ ಮಾಳಿಗೆಯ ಜಯಲತಾ ಉಡುಪಿಯ ಕಡೆಯವಳು. ಅವಳ ಗಂಡನಿಗೆ ವಾಶಿಯಲ್ಲಿ ಹೋಟೆಲು. ಒಂದು ದಿನ ಅಮೃತಪ್ಪನಿಗೆಂದು ರಾಗಿ ಮಣ್ಣಿ ಮಾಡಿ ತಂದವಳು ಮಾವ ಸೊಸೆಯ ಮಾತುಕತೆಯನ್ನು ನಿಂತು ನೋಡಿದಳು. ಹೋಗುವಾಗ ಬಾಗಿಲಲ್ಲಿ ಸುಶೀಲಾಬಾಯಿಯ ಕೈ ಹಿಡಿದುಕೊಂಡಳು.

“ನಿಮ್ಮ ಸೊಸೆ ದೇವರಂಥವಳು ಮಾರಾಯ್ರೆ. ಅವಳಿಲ್ಲದಿದ್ರೆ ನಿಮ್ಮ ಯಜಮಾನ್ರ ಕತೆ ಏನಾಗ್ತಿತ್ತು ಹೇಳಿ.”

ಸುಶೀಲಾಬಾಯಿ ನಕ್ಕು ಬಾಗಿಲು ಹಾಕಿಕೊಂಡಳು. ಮಣ್ಣಿಯನ್ನು ಕೆಲಸದವಳಿಗೆ ಕೊಟ್ಟಳು.

ಅಮೃತಪ್ಪನಿಗೆ ಮಾರ್ಕೆಟ್ಟಿನ ಚಿಂತೆ ಹತ್ತಿತು. ಅಂಗಡಿಯನ್ನು ಈಗ ನಡೆಸುತ್ತಿದ್ದವನು ಅವನ ತಂಗಿಯ ಮಗ ಚನ್ನು. ಹುಡುಗ ಚುರುಕಾಗಿದ್ದ. ಸಂಜೆ ಬಂದು ಅಂದಂದಿನ ದರ, ಬಂದ ಮಾಲು, ಹೋದ ಮಾಲು ಎಲ್ಲ ಹೇಳಿ ಹೋಗುತ್ತಿದ್ದ. ಅವನು ಹೋದಮೇಲೆ ಅಮೃತಪ್ಪ ರಾತ್ರಿಯ ಊಟವನ್ನು ಮುಖ ಗಂಟಿಕ್ಕಿಕೊಂಡೇ ಮುಗಿಸುತ್ತಿದ್ದ. ಒಂದು ದಿನ ಸೋನಾಲಿಯ ಶಾಲೆಗೆ ರಜೆ ಇತ್ತು. ಅಮೃತಪ್ಪ ಬೆಳಿಗ್ಗೆಯೇ ಬಿಳಿ ಅಂಗಿ ಹಾಕಿ, ಕುಂಟುತ್ತ ಬಾಗಿಲಿಗೆ ಬಂದು ನಿಂತ. ತೊಡೆಯ ಗಾಯ ಇನ್ನೂ ಜಗ್ಗುತ್ತಿತ್ತು. ಅವನು ಮಾರ್ಕೆಟ್ಟಿಗೆ ಹೊರಟಿದ್ದಾನೆ, ಸೋನಾಲಿ ಜೊತೆಗೆ ಹೋಗುತ್ತಾಳೆ ಅಂತ ಗೊತ್ತಾಯಿತು.

ಸುಶೀಲಾಬಾಯಿ ಸೆರಗಿಗೆ ಕೈ ಒರೆಸಿಕೊಂಡು ತಾನೂ ಬರುತ್ತೇನೆ ಅಂದಳು. ಮದುವೆಯಾದಾಗಿನಿಂದ ಅವಳು ಆ ಅಂಗಡಿಗೆ ಹೋದದ್ದು ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ. ಅಮೃತಪ್ಪ ಕೈ ಅಡ್ಡ ಮಾಡಿ ಏನೋ ಅಂದ. ಸೋನಾಲಿ ಅತ್ತೆಯ ಮುಖ ನೋಡದೆ ಹೇಳಿದಳು.

“ಅಲ್ಲಿ ಖಾರದ ಧೂಳ ಭಾಳ, ನಿಮಗ ಕೆಮ್ಮು ಬರತದ ಅಂತಾರ.”

“ನಿನಗ ಬರೂದಿಲ್ಲೇನು ಕೆಮ್ಮು?”

ರಿಕ್ಷಾ ಬಂದಿತ್ತು. ಅವರು ಹೋದರು. ಸುಶೀಲಾಬಾಯಿ ಗ್ಯಾಲರಿಯಲ್ಲಿ ನಿಂತು ರಿಕ್ಷಾ ತಿರುಗುವ ತನಕ ನೋಡಿದಳು.

ಅಂಗಡಿಯಲ್ಲಿ ಗಾದಿಯ ಮೇಲೆ ಚನ್ನು ಕೂತಿದ್ದ. ಮಾವನನ್ನು ಕಂಡವನೇ ಎದ್ದು ಕಾಲು ಮುಟ್ಟಿ, ಜಾಗ ಬಿಟ್ಟುಕೊಟ್ಟ. ಕಲ್ಯಾಣದಿಂದ ಬಂದಿದ್ದ ಹಳೆಯ ಗಿರಾಕಿಯೊಬ್ಬ ಕೈ ಮುಗಿದ. ಅಮೃತಪ್ಪ ಮೆಣಸಿನಕಾಯಿ ಮುರಿದು, ಬೀಜ ಅಂಗೈಗೆ ಸುರಿದು, ಎಂದಿನಂತೆ ಮಾತು ಸುರು ಮಾಡಿದ. ಗಿರಾಕಿ ಒಂದಷ್ಟು ಹೊತ್ತು ಹೂಂ ಹೂಂ ಅಂದ. ಆಮೇಲೆ ಸೋನಾಲಿಯ ಕಡೆ ನೋಡಿದ. ಸೋನಾಲಿ ಮಾವನ ಮಾತನ್ನು ಹಿಂದಿಯಲ್ಲಿ ಹೇಳಿದಳು. ಗಿರಾಕಿ ಅದನ್ನು ಕೇಳಿಸಿಕೊಂಡು ಚನ್ನುವಿನ ಕಡೆ ತಿರುಗಿ ದರ ಕೇಳಿದ. ಅಷ್ಟರಲ್ಲಿ ಫೋನು ರಿಂಗಾಯಿತು. ಅಮೃತಪ್ಪ ಕೈ ಚಾಚಿದ. ಫೋನು ಅದಾಗಲೇ ಚನ್ನುವಿನ ಕಿವಿಯಲ್ಲಿತ್ತು. ಹುಡುಗ ಮಾತಾಡುವ ಧಾಟಿ, ನಡುವೆ ನಕ್ಕು ದರ ಏರಿಸುವ ರೀತಿ, ಎಲ್ಲವೂ ಅಮೃತಪ್ಪನದೇ. ಮಾತು ಮುಗಿಸಿದ ಚನ್ನು ಮೆಲ್ಲಗೆ ಹೇಳಿದ.

“ಮಾವ, ನೀವು ಆರಾಮ ಮಾಡ್ರಿ. ನಾ ಇದ್ದೇನಲ್ಲ.”

ಅಮೃತಪ್ಪ ಅಂಗೈಯ ಬೀಜಗಳನ್ನು ಚೀಲಕ್ಕೆ ಸುರಿದು ಎದ್ದ.

ಅಂದಿನಿಂದ ಅವನು ಸೊಸೆಯ ಜೊತೆಗೂ ಮಾತು ಕಡಿಮೆ ಮಾಡಿದ. ಖಿಚಡಿಯ ಬಟ್ಟಲು ಅರ್ಧಕ್ಕೇ ದೂಡತೊಡಗಿದ. ಸೋನಾಲಿ ಅತ್ತೆಗೆ ಅಂಗಡಿಯಲ್ಲಿ ನಡೆದದ್ದನ್ನು ಹೇಳಿದಾಗ ಸುಶೀಲಾಬಾಯಿ ಚನ್ನುವನ್ನು ಬೈದಳು. ಬೈಯುತ್ತ ಬೈಯುತ್ತ ಅವಳ ಮುಖ ಗೆಲುವಾಯಿತು. ಸೊಸೆಯ ಖಿಚಡಿ ಈಗ ಅವನಿಗೆ ಬೇಡವಾಗಿದೆ. ಅವನಿಗೆ ಬೇಕಾದದ್ದು ಏನೆಂದು ಅವಳಿಗೆ ಗೊತ್ತಿತ್ತು.

ಮರುದಿನ ಸೋನಾಲಿ ಶಾಲೆಗೆ ಹೋದ ಹೊತ್ತಿನಲ್ಲಿ ಅವಳು ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದಳು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ತುಪ್ಪ ಹಾಕಿ ಕುಟ್ಟಿ ಮುಟಗಿ ಮಾಡಿದಳು. ವಾಸನೆಗೇ ಅಮೃತಪ್ಪ ಕುರ್ಚಿ ಬಿಟ್ಟು ಎದ್ದು ಬಂದ. ಅವಳು ಸಣ್ಣ ಸಣ್ಣ ಉಂಡೆ ಮಾಡಿ ಕೊಟ್ಟಳು. ಅವನು ಕಣ್ಣು ಮುಚ್ಚಿ ಬಲದವಡೆಯಲ್ಲಿ ಅಗಿದ. ಇನ್ನೊಂದು ಕೇಳಿದ. ಅವಳು ಕೊಟ್ಟಳು. ಉಂಡೆಯೊಂದು ಎಡಕ್ಕೆ ಜಾರಿ, ಏನೂ ತಿಳಿಯದ ಆ ತೊಡೆಯ ಚರ್ಮದ ಮೇಲೆ ಕೂತದ್ದು ಅವನಿಗೆ ಗೊತ್ತಾಗಲಿಲ್ಲ. ನೀರು ಕುಡಿದಾಗ ಅದು ಇಡಿಯಾಗಿ ಗಂಟಲಿಗೆ ಹೋಗಿ ಸಿಕ್ಕಿಕೊಂಡಿತು. ಕೆಮ್ಮು ಬಂತು, ಆಮೇಲೆ ಕೆಮ್ಮೂ ನಿಂತಿತು. ಮುಖ ಕಪ್ಪಿಟ್ಟಿತು. ಸುಶೀಲಾಬಾಯಿ ಬೆನ್ನು ನೀವುತ್ತ ಒಂದೇ ಸವನೆ ರೀ, ರೀ ಅನ್ನುತ್ತ ನಿಂತಳು.

ಬಾಗಿಲ ಕೀಲಿ ತಿರುಗಿತು. ಸೋನಾಲಿ ಬ್ಯಾಗು ಎಸೆದು ಓಡಿ ಬಂದು, ಮಾವನನ್ನು ಮುಂದಕ್ಕೆ ಬಗ್ಗಿಸಿ ಹೆಗಲುಗಳ ನಡುವೆ ಜೋರಾಗಿ ಹೊಡೆದಳು. ಮತ್ತೆ ಮತ್ತೆ ಹೊಡೆದಳು. ಉಂಡೆ ನೆಲಕ್ಕೆ ಬಿತ್ತು. ಅಮೃತಪ್ಪ ಉಸಿರೆಳೆದುಕೊಂಡ.

ಅವನನ್ನು ಕುರ್ಚಿಗೆ ಕೂರಿಸಿ, ಮುಖ ಒರೆಸಿದ ಮೇಲೆ ಸೋನಾಲಿ ತಿರುಗಿ ನಿಂತಳು.

“ಡಾಕ್ಟರು ಏನು ಹೇಳಿದ್ರು, ಗೊತ್ತಿಲ್ಲೇನು ಆಯಿ ನಿಮಗ?”

“ಮೂವತ್ತೈದು ವರ್ಷ ಉಣಿಸೇನಿ ನಾ. ನಿನ್ನೆ ಬಂದಾಕಿ ನೀ ನನಗ ಕಲಿಸ್ತಿ?”

“ನಾ ಕಲಿಸೂದಿಲ್ಲ. ಈಗ ಏನಾಗತಿತ್ತು ನೋಡಿದ್ರಲ್ಲ.”

“ನೋಡೇನಿ. ಎಲ್ಲಾ ನೋಡೇನಿ. ದಿನಾ ಯವ್ವಾ ಯವ್ವಾ. ನನ್ನ ಹೆಸರು ಒಂದು ಸಲರೆ ಬಂತೇನು ಆ ಬಾಯಾಗ?”

“ಸುಶೀಲಾ ಅನ್ನಾಕ ನಾಲಿಗಿ ಬೇಕು ಆಯಿ. ಯವ್ವಾ ಅನ್ನಾಕ ತುಟಿ ಸಾಕು.”

ಸುಶೀಲಾಬಾಯಿ ನೆಲದ ಮೇಲಿನ ಉಂಡೆಯನ್ನು ಎತ್ತಿ ಬಟ್ಟಲಿಗೆ ಹಾಕಿದಳು. ಆಮೇಲೆ, ನನ್ನ ಗಂಡನ ಬಾಯಿಯ ವಿಷಯ ನನಗೆ ಹೇಳಿಕೊಡಬೇಡ, ಇಷ್ಟು ವರ್ಷ ಆ ಬಾಯಿಗೆ ಬೇಕಾದದ್ದನ್ನು ಕೊಟ್ಟವಳು ನಾನು ಅಂದಳು.

“ಹೌದು, ಕೊಟ್ರಿ,” ಅಂದಳು ಸೋನಾಲಿ. “ತಂಬಾಕಿನ ಡಬ್ಬಿನೂ ನೀವೇ ತುಂಬಿ ಕೊಟ್ರಿ. ರೋಜ್. ಸುಣ್ಣಾ ಸಹಿತ.”

ಅಮೃತಪ್ಪ ಮೇಜಿನ ಮೇಲೆ ಅಂಗೈ ಬಡಿದ. ಸೊಸೆಯ ಕಡೆ ತಿರುಗಿ ಗದರಿಸಿದ. ಸೋನಾಲಿಯ ಮುಖ ಕೆಂಪಾಯಿತು.

“ಏನಂದ್ರು?” ಸುಶೀಲಾಬಾಯಿ ಕೇಳಿದಳು. ಸೋನಾಲಿ ಎಸೆದಿದ್ದ ಬ್ಯಾಗನ್ನು ಎತ್ತಿಕೊಂಡಳು. “ಹೇಳು, ನಿನಗಷ್ಟ ತಿಳೀತದಲ್ಲ.”

“ಸುಮ್ಮನ ಒಳಗ ಹೋಗು ಅಂದ್ರು. ನನಗ.”

ಅವಳು ಒಳಗೆ ಹೋಗಿ ಬಟ್ಟೆ ತುಂಬಿಕೊಂಡಳು. ಸಂಜೆ ಸ್ವಪ್ನಿಲ್ ಬಂದಾಗ, ತನ್ನ ತಾಯಿಯ ಮಂಡಿನೋವು ಜಾಸ್ತಿಯಾಗಿದೆ, ಶಾಲೆಗೆ ರಜೆ ಹಾಕಿ ಒಂದಷ್ಟು ದಿನ ಬದಲಾಪುರದಲ್ಲಿ ಇದ್ದು ಬರುತ್ತೇನೆ ಅಂದಳು. ಠಾಣೆಯ ರೈಲ್ವೆ ಸ್ಟೇಷನ್ನಿನ ತನಕ ಅವನೇ ಬಿಟ್ಟು ಬಂದ. ಬಂದವನು ಅವ್ವನ ಜೊತೆ ಮಾತಾಡದೆ ಉಂಡು ಮಲಗಿದ.

ಮನೆ ಈಗ ಪೂರ್ತಿ ಸುಶೀಲಾಬಾಯಿಯ ಕೈಯಲ್ಲಿತ್ತು. ಫಳಿಯ ಮೇಲಿನ ಸಣ್ಣ ಜಾರನ್ನು ತಾನೇ ಇಳಿಸಿ, ತಾನೇ ಖಿಚಡಿ ರುಬ್ಬಿದಳು. ಒಂದು ದಿನ ಗಟ್ಟಿಯಾಯಿತು, ಮರುದಿನ ನೀರಾಯಿತು. ಅಮೃತಪ್ಪ ಒಂದೂ ಮಾತಾಡದೆ ತಿಂದ. ಮೊದಲೆರಡು ದಿನ ಅವಳಿಗೆ ಅದೇ ಹಿತವೆನಿಸಿತು. ಮಧ್ಯಾಹ್ನ ಇಬ್ಬರೇ ಉಣ್ಣುವುದು, ಟಿವಿಯ ಮುಂದೆ ಇಬ್ಬರೇ ಕೂರುವುದು. ಆದರೆ ಅವನು ಏನಾದರೂ ಅಂದಾಗ ಮತ್ತೆ ಅದೇ ಉಪ್ಪು, ಅದೇ ಸಕ್ಕರೆ, ಅದೇ ನೀರು. ನಾಲ್ಕು ಸಲ ಅಂದು ಅವನು ಕೈ ಬಿಡುತ್ತಿದ್ದ. ಅವಳು ಸಿಟ್ಟಿಗೆದ್ದು, ನೆಟ್ಟಗೆ ಹೇಳಬಾರದೇನು ಅನ್ನುತ್ತಿದ್ದಳು.

ಆ ವಾರದ ಕೊನೆಗೆ ಅವನು ಊಟ ಬಿಟ್ಟ. ಒಂದು ತುತ್ತು ಬಾಯಿಗಿಟ್ಟು ಬಚ್ಚಲಿಗೆ ಹೋಗಿ ಉಗುಳಿ ಬರುತ್ತಿದ್ದ. ಒಳಗಿನಿಂದ ಚಿಲಕ ಹಾಕಿ ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಹೊರಗೆ ಬಂದಾಗ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಸುಶೀಲಾಬಾಯಿಗೆ ಕಾರಣ ಸ್ಪಷ್ಟವಿತ್ತು.

“ಆಕಿ ಬರೂತನಕ ಉಪವಾಸೇನು? ಹೇಳಿಬಿಡ್ರಿ ಹಂಗಿದ್ರ.”

ಅವನು ತಲೆ ಅಲ್ಲಾಡಿಸಿ ಒಂದು ಮಾತು ಅಂದ. ಅವಳಿಗೆ ಹಾಲು ಅಂದಂತೆ ಕೇಳಿಸಿತು. ಹಾಲು ಬೆಚ್ಚಗೆ ಮಾಡಿ ತಂದಳು. ಅವನು ಲೋಟ ದೂಡಿ ಮತ್ತೆ ಅದೇ ಮಾತು ಅಂದ. ಸಕ್ಕರೆ ಹಾಕಿದ್ದೇನೆ ಅಂದಳು. ಅವನು ಹಣೆ ಹಣೆ ಬಡಿದುಕೊಂಡ. ಅವಳ ಕಣ್ಣಲ್ಲಿ ನೀರು ಬಂತು. ಕೊನೆಗೆ ಫೋನು ತೆಗೆದುಕೊಂಡು, ಸೊಸೆಯ ನಂಬರು ಒತ್ತಿ, ಆಕೆಗೇ ಹೇಳಿ, ಆಕೆಯೇ ನನಗೆ ತಿಳಿಸಲಿ ಅಂತ ಅವನ ಮುಂದೆ ಹಿಡಿದಳು. ಅಮೃತಪ್ಪ ಫೋನು ಕಸಿದು ಕಟ್ ಮಾಡಿದ. ಅವಳ ಮಣಿಕಟ್ಟು ಹಿಡಿದು ಗ್ಯಾಲರಿಗೆ ಎಳೆದುಕೊಂಡು ಹೋದ. ಒಣಗಲು ಹಾಕಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಬೆಳಕಿಗೆ ಮುಖ ಮಾಡಿ, ಬಾಯಿ ತೆರೆದ.

ಆಪರೇಶನ್ ಆದಮೇಲೆ ಅವಳು ಆ ಬಾಯೊಳಗೆ ನೋಡಿದ್ದು ಅದೇ ಮೊದಲು. ಬಲಗಡೆಗೆ ಗುಲಾಬಿ ಬಣ್ಣದ ನಾಲಿಗೆ, ಅರ್ಧ. ಎಡಗಡೆಗೆ ಉಬ್ಬಿದ, ಬೆಳ್ಳಗಿನ, ನಾಲಿಗೆಯಲ್ಲದ, ಗಲ್ಲವೂ ಅಲ್ಲದ ಒಂದು ತುಂಡು. ಅದರ ಮೇಲೆ ಕರಿಯ, ಸುರುಳಿ ಸುರುಳಿ ಕೂದಲು. ಖಿಚಡಿಯ ಅಗುಳುಗಳು ಅದಕ್ಕೆ ತೊಡರಿಕೊಂಡಿದ್ದವು.

“ಅಯ್ಯ, ಇವು ಕೂದಲಾ?”

ಅವನು ಹೌದು ಹೌದೆಂದು ತಲೆಯಾಡಿಸಿದ. ಇಷ್ಟು ಹೊತ್ತು ಅವನು ಅನ್ನುತ್ತಿದ್ದದ್ದು ಅದನ್ನೇ. ಇವು ಎಲ್ಲಿಂದ ಬಂದವು ಅಂತ ಅವಳು ಕೇಳಿದಳು. ಅವನು ತೊಡೆ ತಟ್ಟಿ ತೋರಿಸಿದ. ಸುಶೀಲಾಬಾಯಿ ಅವನ ತೊಡೆಯನ್ನು ನೋಡಿದಳು, ಬಾಯಿಯನ್ನು ನೋಡಿದಳು. ತಡೆಯಲಾರದೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಮೃತಪ್ಪ ಮೊದಲು ಸಿಟ್ಟಿನಿಂದ ನೋಡಿದ, ಆಮೇಲೆ ಅವನ ಬಲದವಡೆಯೂ ಸಡಿಲಾಗಿ ಸೊಟ್ಟಗೆ ನಕ್ಕ. ನಗು ನಿಂತಮೇಲೆ ಅವನು ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಏನೋ ಹೇಳಿದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಸೊಸೆಗೆ ಇದನ್ನು ಹ್ಯಾಗೆ ಹೇಳಲಿ ಅಂತ ಅವನು ಕೇಳುತ್ತಿದ್ದ.

“ಹೌದು,” ಅಂದಳು ಅವಳು. “ಹೇಳೂ ಮಾತಲ್ಲ ಅದು.”

ಮರುದಿನ ಇಬ್ಬರೇ ಪನವೇಲ್ ಗಾಡಿ ಹತ್ತಿ ಖಾರಘರಕ್ಕೆ ಹೋದರು. ಸ್ವಪ್ನಿಲ್ ರಜೆ ಹಾಕುತ್ತೇನೆ ಅಂದರೂ ಸುಶೀಲಾಬಾಯಿ ಬೇಡವೆಂದಳು. ಇಷ್ಟು ದಿನ ಆಸ್ಪತ್ರೆಯ ಫೈಲು ಹಿಡಿದು ಓಡಾಡಿದವಳು ಸೋನಾಲಿ. ಈಗ ಫೈಲನ್ನು ಎದೆಗೆ ಒತ್ತಿಕೊಂಡು, ಯಾವ ಕಿಟಕಿ, ಯಾವ ಮಾಳಿಗೆ ಅಂತ ಸುಶೀಲಾಬಾಯಿ ತನ್ನ ಹಿಂದಿಯಲ್ಲಿ ಕೇಳುತ್ತ ಹೋದಳು. ಎರಡು ಸಲ ತಪ್ಪು ಸಾಲಿನಲ್ಲಿ ನಿಂತರು.

ಡಾಕ್ಟರು ಎಳೆಯ ಹುಡುಗ. ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂದ. ಬಾಯಲ್ಲಿ ನೆಟ್ಟರೂ ತೊಡೆಯ ಚರ್ಮ ತೊಡೆಯ ಚರ್ಮವೇ, ಕೂದಲು ಬಿಡುವುದು ಅದರ ಗುಣ. ಕರೆಂಟು ಕೊಟ್ಟವರಲ್ಲಿ ಹೆಚ್ಚಾಗಿ ಉದುರಿ ಹೋಗುತ್ತದೆ, ಇವರಿಗೆ ಅದು ಬೇಕಾಗಲಿಲ್ಲ, ಅದಕ್ಕೇ ಹೀಗೆ. ಮುಂದೆ ಲೇಸರಿನಿಂದ ತೆಗೆಯಲು ಬರುತ್ತದೆ, ಅಲ್ಲಿಯ ತನಕ ಕತ್ತರಿಸುತ್ತ ಇರಬೇಕು. ನರ್ಸು ಮೊಂಡು ತುದಿಯ ಸಣ್ಣ ಕತ್ತರಿಯಿಂದ ಕತ್ತರಿಸಿ, ಸುಶೀಲಾಬಾಯಿಗೂ ಕಲಿಸಿದಳು. ಆ ಜಾಗಕ್ಕೆ ನೋವು ತಿಳಿಯುವುದಿಲ್ಲ, ಚರ್ಮ ಕತ್ತರಿಸಿದರೂ ಇವರಿಗೆ ಗೊತ್ತಾಗುವುದಿಲ್ಲ, ಹಗಲು ಬೆಳಕಿನಲ್ಲೇ ಮಾಡಿ ಅಂತ ಎಚ್ಚರಿಸಿದಳು.

ಇವರ ಮಾತು ಮನೆಯಲ್ಲಿ ಎಷ್ಟು ತಿಳಿಯುತ್ತದೆ ಅಂತ ಡಾಕ್ಟರು ಸುಶೀಲಾಬಾಯಿಯನ್ನು ಕೇಳಿದ. ಅವಳು ಅರ್ಧ ಅಂದಳು. ಪಕ್ಕದಲ್ಲಿ ಅಮೃತಪ್ಪ ಏನೋ ಅಂದ. ಡಾಕ್ಟರು ಅವಳ ಮುಖ ನೋಡಿದ. ಅವಳು ಗಂಡನ ಕಡೆ ತಿರುಗಿ ಇನ್ನೊಮ್ಮೆ ಅನ್ನಿಸಿದಳು.

“ಆಧಾ ಭೀ ನಹೀ, ಬೋಲ್ತೇ ಹೈಂ,” ಅಂದಳು, ಅರ್ಧವೂ ಇಲ್ಲ ಅನ್ನುತ್ತಾರೆ ಅಂತ. ಅನ್ನುವಾಗ ಅವಳಿಗೇ ನಗು ಬಂತು.

ಕೆಲವು ತಿಂಗಳು ಕಳೆದಮೇಲೆ ಫ್ಲ್ಯಾಪನ್ನು ಸ್ವಲ್ಪ ತೆಳ್ಳಗೆ ಮಾಡಬಹುದು, ಆಗ ಮಾತು ಇನ್ನಷ್ಟು ಬಿಡಿಯಾಗುತ್ತದೆ, ಆದರೆ ಮೊದಲಿನ ಹಾಗೆ ಆಗುವುದಿಲ್ಲ, ಅದನ್ನು ಈಗಲೇ ತಿಳಿದಿರಿ ಅಂತ ಡಾಕ್ಟರು ಹೇಳಿದ. ಅಮೃತಪ್ಪ ಚಪ್ಪಲಿ ನೋಡುತ್ತ ಕೇಳಿಸಿಕೊಂಡ.

ಸ್ಟೇಷನ್ನಿನ ಬಾಕಿನ ಮೇಲೆ ಗಾಡಿ ಕಾಯುತ್ತ ಕೂತಾಗ ಸುಶೀಲಾಬಾಯಿ ಎದುರಿನ ಹಳಿಗಳನ್ನು ನೋಡುತ್ತ ಹೇಳಿದಳು.

“ಸೋನಾಲಿ ಅಂದದ್ದು ಖರೇನ. ಡಬ್ಬಿ ನಾ ತುಂಬತಿದ್ದೆ.”

ಅಮೃತಪ್ಪ ಅವಳ ಮೊಣಕೈ ತಟ್ಟಿ ತನ್ನ ಕಡೆ ತಿರುಗಿಸಿಕೊಂಡ. ತಿಂದವನು ನಾನು ಅಂದ. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಗಾಡಿಯಲ್ಲಿ ಅವನು ಇನ್ನೂ ಏನೇನೋ ಹೇಳಿದ. ಗದ್ದಲದಲ್ಲಿ ಅವಳು ಮತ್ತೆ ಮತ್ತೆ ಕೇಳಬೇಕಾಯಿತು. ಎದುರು ಕೂತ ಮಂದಿ ನೋಡುತ್ತಿದ್ದರು, ಅವಳು ಲಕ್ಷ್ಯ ಕೊಡಲಿಲ್ಲ. ನೆರೂಳು ದಾಟುವ ಹೊತ್ತಿಗೆ ವಿಷಯ ಕೈಗೆ ಹತ್ತಿತು. ಫೋನು ಚನ್ನುವಿನ ಹತ್ತಿರವೇ ಇರಲಿ, ತಾನು ಬೆಳಗಿನ ಹೊತ್ತು ಹೋಗಿ ಮಾಲಿನ ತರಗತಿ ನೋಡುತ್ತೇನೆ, ಮೆಣಸಿನಕಾಯಿ ಮುರಿದು ನೋಡಲು ಬಾಯಿ ಯಾಕೆ ಬೇಕು ಅಂತ ಅವನು ಹೇಳುತ್ತಿದ್ದ. ಹೇಳುವಾಗ ಅವನ ಮುಖದಲ್ಲಿ ಚನ್ನುವಿನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಇತ್ತು. ಸುಶೀಲಾಬಾಯಿ ಅದನ್ನು ಗುರುತಿಸಿದಳು. ಹೋಗಿರಿ, ಆದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬೇಕು ಅಂದಳು.

ಮನೆಗೆ ಬಂದವಳೇ ಬದಲಾಪುರಕ್ಕೆ ಫೋನು ಮಾಡಿದಳು. ಕ್ಷಮೆ ಕೇಳಲು ಅವಳಿಗೆ ಬರಲಿಲ್ಲ. ಮಿಕ್ಸರಿನ ಸಣ್ಣ ಜಾರು ಸರಿಯಾಗಿ ಕೂರುತ್ತಿಲ್ಲ, ಖಿಚಡಿ ನೀರಾಗುತ್ತಿದೆ ಅಂದಳು. ನಿನ್ನ ತಾಯಿಯ ಮಂಡಿ ಹ್ಯಾಗಿದೆ ಅಂತ ಕೇಳಿದಳು. ಸೋನಾಲಿ, ಮಂಡಿನೋವು ಕಡಿಮೆಯಾಗಿದೆ, ರವಿವಾರ ಬರುತ್ತೇನೆ ಅಂದಳು. ತಾನು ಆ ದಿನ ಜಾಸ್ತಿ ಮಾತಾಡಿದೆ ಅಂತಲೂ ಸೇರಿಸಿದಳು. ಸುಶೀಲಾಬಾಯಿ ಹೂಂ ಅಂದಳು.

ರವಿವಾರ ಸೋನಾಲಿ ಬಂದಳು. ಅಮೃತಪ್ಪ ಬಾಗಿಲಲ್ಲೇ ಯವ್ವಾ ಅಂತ ಕರೆದ. ಸುಶೀಲಾಬಾಯಿಯ ಹುಬ್ಬು ಗಂಟಾಯಿತು, ಆದರೂ ಸೊಸೆಯ ಕೈಯ ಬ್ಯಾಗು ಇಸಿದುಕೊಂಡು ಚಹಾ ಇಟ್ಟಳು. ಸ್ವಪ್ನಿಲ್ ಬಹಳ ದಿನಗಳ ಮೇಲೆ ಜೋರಾಗಿ ಮಾತಾಡಿದ. ಚಹಾ ಆದಮೇಲೆ ಸೋನಾಲಿ ಅಡಿಗೆಮನೆಗೆ ಹೋಗಿ ಬೇಳೆ ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದಳು.

ಆಗ ಅಮೃತಪ್ಪ ಮೇಜು ಕುಟ್ಟಿ ಹೆಂಡತಿಗೆ ಒಂದು ಮಾತು ಅಂದ. ಸುಶೀಲಾಬಾಯಿ ಕಪಾಟಿನಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಏನನ್ನೋ ತೆಗೆದುಕೊಂಡು ಗ್ಯಾಲರಿಗೆ ಹೊರಟಳು. ಸೋನಾಲಿ ಅಡಿಗೆಮನೆಯ ಬಾಗಿಲಿಗೆ ಬಂದು, ಬಾಬಾ ಏನಂದರು, ತನಗೆ ಕೇಳಿಸಲಿಲ್ಲ ಅಂದಳು. ಏನಾದರೂ ಬೇಕಿದ್ದರೆ ತಾನು ಮಾಡುತ್ತೇನೆ ಅಂದಳು.

“ನಿನಗ ತಿಳಿಯೂದಿಲ್ಲ ಬಿಡು ಇದು,” ಅಂದಳು ಸುಶೀಲಾಬಾಯಿ.

ಗಂಡನನ್ನು ಮುಂದೆ ಬಿಟ್ಟು ಅವಳು ಗ್ಯಾಲರಿಯ ಬಾಗಿಲು ಎಳೆದುಕೊಂಡಳು. ಮಸುಕು ಗಾಜಿನ ಆಚೆ ಎರಡು ತಲೆಗಳು ಹತ್ತಿರ ಬಂದವು. ಅಲ್ಲಾಡಬೇಡಿ ಅನ್ನುವುದು ಕೇಳಿಸಿತು, ಆಮೇಲೆ ಅಮೃತಪ್ಪನ ಮಾತು, ಆಮೇಲೆ ಇಬ್ಬರ ನಗು. ಅತ್ತೆ ಮಾವ ಅಲ್ಲಿ ಏನು ಮಾಡುತ್ತಿದ್ದಾರೆ ಅಂತ ಸೋನಾಲಿ ಗಂಡನನ್ನು ಕೇಳಿದಳು. ತನಗೂ ಹೇಳುವುದಿಲ್ಲ, ಮೂರು ದಿನದಿಂದ ಇದೇ ನಡೆದಿದೆ ಅಂತ ಸ್ವಪ್ನಿಲ್ ಟಿವಿ ನೋಡುತ್ತಲೇ ಹೇಳಿದ. ಅವಳು ಒಲೆಯ ಹತ್ತಿರ ಹೋದಳು, ಮತ್ತೆ ತಿರುಗಿ ಬಂದು ಆ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಳು. ಕುಕ್ಕರು ಎಷ್ಟು ಸಲ ಕೂಗಿತೆಂಬ ಲೆಕ್ಕ ಅವಳಿಗೆ ತಪ್ಪಿ ಹೋಯಿತು.